ಐದಕ್ಕೆ ಸೊನ್ನೆ, ಮೂರಕ್ಕೆ ಎರಡು: ಒಂದು ಕಮ್ಯುನಿಟಿ ಕಾಲೇಜಿನ ಬಾಂಡ್ ಪ್ರಕರಣ

ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜು ಕಟ್ಟಡಗಳಿಗೆ ಬಾಂಡ್ ಮೂಲಕ, ಅಂದರೆ ಸಾಲಪತ್ರ ಮಾರಿ ದುಡ್ಡು ಎತ್ತಲು ಎರಡು ಸಲ ಜನರ ಮತ ಕೇಳಿತು. ಮೊದಲ ಸಲ ಸುತ್ತಲಿನ ಮೂರೂ ಊರುಗಳ ಸಿಟಿ ಕೌನ್ಸಿಲ್‌ಗಳು ಒಂದೂ ಅಪಸ್ವರವಿಲ್ಲದೆ ಬೆಂಬಲ ಕೊಟ್ಟವು. ಬಾಂಡ್ ಸೋತಿತು. ಎರಡನೇ ಸಲ ಒಂದು ಕೌನ್ಸಿಲ್ ತಿಂಗಳುಗಟ್ಟಲೆ ಕಿತ್ತಾಡಿ ಮೂರಕ್ಕೆ ಎರಡು ಮತದಲ್ಲಿ ಒಪ್ಪಿತು. ಇನ್ನೊಂದು ಕೌನ್ಸಿಲ್ ಒಪ್ಪಲೇ ಇಲ್ಲ. ಬಾಂಡ್ ಗೆದ್ದಿತು.

ನಾನು ಆಗ ಆ ಮೂರು ಊರುಗಳ ಪೈಕಿ ಚಿಕ್ಕದರಲ್ಲಿ ಯೋಜನಾ ಆಯೋಗದ ಸದಸ್ಯೆ. ಸಂಬಳವಿಲ್ಲದ ಕೆಲಸ. ತಿಂಗಳಿಗೆ ಎರಡು ಸಂಜೆ ಕೂತು ಯಾರ ಮನೆಯ ಬೇಲಿ ಎಷ್ಟು ಎತ್ತರ ಅಂತ ನೋಡುವುದು. ಹಾಗಾಗಿ ಇದನ್ನು ಹತ್ತಿರದಿಂದ ನೋಡಿದೆ, ಸ್ವಲ್ಪ ಮಟ್ಟಿಗೆ ಕೈಯನ್ನೂ ಹಾಕಿದೆ. ಕಾಲೇಜಿನ ಹೆಸರು, ಊರುಗಳ ಹೆಸರು, ಜನರ ಹೆಸರು ಇಲ್ಲಿ ಇಲ್ಲ. ಗುರುತು ಸಿಗದಿರಲಿ ಎಂದು ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಊರುಗಳನ್ನು ದೊಡ್ಡೂರು, ಬೆಟ್ಟದೂರು, ತೋಟದೂರು ಎಂದು ಕರೆಯುತ್ತೇನೆ. ನನ್ನದು ಬೆಟ್ಟದೂರು. ಕಾನೂನು ಮತ್ತು ಲೆಕ್ಕದ ಮಾತು ಮಾತ್ರ ಇದ್ದದ್ದು ಇದ್ದ ಹಾಗೆ.

ಹಿನ್ನೆಲೆ

ನಮ್ಮ ಕಡೆಯ ಐಟಿಐ, ಡಿಪ್ಲೊಮಾ, ಡಿಗ್ರಿಯ ಮೊದಲ ಎರಡು ವರ್ಷ, ಇವಿಷ್ಟನ್ನೂ ಒಂದೇ ಕಾಂಪೌಂಡಿನೊಳಗೆ ಹಾಕಿದರೆ ಏನಾಗುತ್ತದೋ ಅದೇ ಕಮ್ಯುನಿಟಿ ಕಾಲೇಜು. ನರ್ಸಿಂಗ್ ಕಲಿಯುವವರು, ವೆಲ್ಡಿಂಗ್ ಕಲಿಯುವವರು, ಎರಡು ವರ್ಷ ಓದಿ ಆಮೇಲೆ ಯೂನಿವರ್ಸಿಟಿಗೆ ಹೋಗುವವರು, ಐವತ್ತು ದಾಟಿದ ಮೇಲೆ ಇಂಗ್ಲಿಷ್ ಕಲಿಯಲು ಬರುವವರು, ಎಲ್ಲರೂ ಇರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ 116 ಕಾಲೇಜುಗಳಿವೆ. ಅವು 73 ಡಿಸ್ಟ್ರಿಕ್ಟ್‌ಗಳಲ್ಲಿ ಹಂಚಿಹೋಗಿವೆ. ಡಿಸ್ಟ್ರಿಕ್ಟ್ ಅಂದರೆ ಇಲ್ಲಿ ಜಿಲ್ಲೆಯಲ್ಲ, ಕಾಲೇಜುಗಳನ್ನು ನಡೆಸುವ ಸ್ಥಳೀಯ ವಲಯ. ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ (ಅಂದರೆ ಒಂದು ಕ್ರೆಡಿಟ್‌ಗೆ) 46 ಡಾಲರ್ ಶುಲ್ಕ. ಅಮೆರಿಕದ ಲೆಕ್ಕದಲ್ಲಿ ಇದು ಪುಕ್ಕಟೆಗೆ ಹತ್ತಿರ. ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಬಂದು ಮನೆಯಲ್ಲಿ ಕೂತಿದ್ದ ನಾನು ಅಕೌಂಟಿಂಗ್ ಕಲಿತದ್ದು ಇಂಥದೇ ಕಾಲೇಜಿನಲ್ಲಿ. ಆದ್ದರಿಂದ ಈ ವಿಷಯದಲ್ಲಿ ನಾನು ಪೂರ್ತಿ ತಟಸ್ಥಳಲ್ಲ. ಮೊದಲೇ ಹೇಳಿಬಿಡುವುದು ವಾಸಿ.

ಇಲ್ಲಿ ಒಂದು ಮಾತು ಸರಿಯಾಗಿ ಗೊತ್ತಿರಬೇಕು. ಕಾಲೇಜು ಸಿಟಿಯ ಕೈಕೆಳಗೆ ಇಲ್ಲ. ಡಿಸ್ಟ್ರಿಕ್ಟ್‌ಗೆ ಜನರೇ ಆರಿಸಿದ ಟ್ರಸ್ಟಿಗಳ ಮಂಡಳಿ ಇರುತ್ತದೆ. ಮೇಯರ್ ಅವರಿಗೆ ಆಜ್ಞೆ ಮಾಡುವಂತಿಲ್ಲ, ಅವರು ಮೇಯರ್‌ಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ. ಆದರೆ ಕಾಲೇಜಿಗೆ ಹೋಗುವ ರಸ್ತೆ ಸಿಟಿಯದು. ಗೇಟಿನ ಮುಂದಿನ ಟ್ರಾಫಿಕ್ ಸಿಗ್ನಲ್ ಸಿಟಿಯದು. ಕಾರು ನಿಲ್ಲಿಸಲು ಜಾಗ ಸಿಗದೆ ವಿದ್ಯಾರ್ಥಿಗಳು ಅಕ್ಕಪಕ್ಕದ ಬೀದಿಗೆ ನುಗ್ಗಿದರೆ ಜನ ಬಯ್ಯುವುದು ಸಿಟಿಯನ್ನು. ಮದುವೆಯಾಗದೆ ಒಂದೇ ಮನೆಯಲ್ಲಿ ಸಂಸಾರ ಮಾಡಿದ ಹಾಗೆ.

ಇನ್ನು ದುಡ್ಡು. ಪಾಠ ಹೇಳುವ ಖರ್ಚಿಗೆ ರಾಜ್ಯದಿಂದ ಹಣ ಬರುತ್ತದೆ. ಕಟ್ಟಡಕ್ಕೆ ಬಹುಪಾಲು ಸ್ಥಳೀಯ ಬಾಂಡ್‌ನಿಂದಲೇ ಬರಬೇಕು. ಡಿಸ್ಟ್ರಿಕ್ಟ್ ಸಾಲಪತ್ರ ಮಾರುತ್ತದೆ, ಹೂಡಿಕೆದಾರರು ಕೊಳ್ಳುತ್ತಾರೆ, ಆ ಸಾಲವನ್ನು ಡಿಸ್ಟ್ರಿಕ್ಟ್‌ನೊಳಗಿನ ಆಸ್ತಿಗಳ ಮೇಲಿನ ಕಂದಾಯದಿಂದ ವರ್ಷ ವರ್ಷ ತೀರಿಸುತ್ತಾರೆ. ಕಂದಾಯ ಏರುವುದರಿಂದ ಜನರ ಮತ ಕೇಳಲೇಬೇಕು. ನಮ್ಮಲ್ಲಿ ಈ ಪದ್ಧತಿ ಇಲ್ಲ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿ ಬಾಂಡ್ ಎತ್ತಿದಾಗ ಯಾರೂ ಬಸವನಗುಡಿಯ ಮನೆಮನೆಗೆ ಹೋಗಿ "ನಿಮಗೆ ಒಪ್ಪಿಗೆಯಾ" ಅಂತ ಕೇಳಲಿಲ್ಲ, ಅಲ್ವಾ? ಇಲ್ಲಿ ಕೇಳುತ್ತಾರೆ. ಕೇಳಿದ ಮೇಲೆ ಜನ ಬೇಡ ಅನ್ನಲೂಬಹುದು.

ಎಷ್ಟು ಮತ ಬೇಕು ಅನ್ನುವುದಕ್ಕೆ ಒಂದು ಹಳೆಯ ಕಥೆ ಇದೆ. 1978ರಲ್ಲಿ ಪ್ರೊಪೊಸಿಷನ್ 13 ಎಂಬ ಮತದಾನದಲ್ಲಿ ಕ್ಯಾಲಿಫೋರ್ನಿಯಾದ ಜನ ಆಸ್ತಿ ತೆರಿಗೆಗೆ ಬೀಗ ಹಾಕಿದರು. ಮೂಲ ತೆರಿಗೆ ದಾಖಲೆಯ ಮೌಲ್ಯದ ಶೇಕಡಾ 1ಕ್ಕಿಂತ ಜಾಸ್ತಿ ಇರುವಂತಿಲ್ಲ. ಆ ಮೌಲ್ಯ ವರ್ಷಕ್ಕೆ ಶೇಕಡಾ 2ಕ್ಕಿಂತ ಜಾಸ್ತಿ ಏರುವಂತಿಲ್ಲ, ಮನೆ ಮಾರಾಟವಾಗುವ ತನಕ. 1986ರಲ್ಲಿ ಬಾಂಡ್‌ಗೆ ದಾರಿ ಬಿಟ್ಟರು, ಆದರೆ ಮೂರರಲ್ಲಿ ಎರಡು ಪಾಲು ಮತ ಬೇಕು ಎಂದರು. 2000ದ ನವೆಂಬರ್‌ನಲ್ಲಿ ಪ್ರೊಪೊಸಿಷನ್ 39 ಬಂತು. ಶಾಲೆ ಮತ್ತು ಕಮ್ಯುನಿಟಿ ಕಾಲೇಜುಗಳ ಬಾಂಡ್‌ಗೆ ಶೇಕಡಾ 55 ಸಾಕು ಎಂದಾಯಿತು. ಅದಕ್ಕೆ ಬದಲಾಗಿ ಷರತ್ತುಗಳು: ಏನೇನು ಕಟ್ಟುತ್ತೀರಿ ಎಂಬ ಪಟ್ಟಿ ಮೊದಲೇ ಕೊಡಬೇಕು, ಶಿಕ್ಷಕರ, ಆಡಳಿತಗಾರರ ಸಂಬಳಕ್ಕೆ ಒಂದು ಪೈಸೆ ಬಳಸುವಂತಿಲ್ಲ, ವರ್ಷ ವರ್ಷ ಆಡಿಟ್ ಆಗಬೇಕು, ಕನಿಷ್ಠ ಏಳು ಜನ ನಾಗರಿಕರ ಮೇಲ್ವಿಚಾರಣಾ ಸಮಿತಿ ಇರಬೇಕು. ಕಮ್ಯುನಿಟಿ ಕಾಲೇಜಿನ ಮಟ್ಟಿಗೆ ಒಂದು ಬಾಂಡಿನ ಹೊರೆ 1 ಲಕ್ಷ ಡಾಲರ್ ದಾಖಲೆ ಮೌಲ್ಯಕ್ಕೆ ವರ್ಷಕ್ಕೆ 25 ಡಾಲರ್ ದಾಟಬಾರದು.

"ದಾಖಲೆ ಮೌಲ್ಯ" ಅನ್ನುವಲ್ಲಿ ಸ್ವಲ್ಪ ನಿಲ್ಲಿ. ಈ ಪ್ರಕರಣದ ಅರ್ಧ ಜಗಳ ಅಲ್ಲೇ ಇದೆ. ಮನೆಯ ಇವತ್ತಿನ ಬೆಲೆಗೂ ದಾಖಲೆ ಮೌಲ್ಯಕ್ಕೂ ಸಂಬಂಧವೇ ಇರುವುದಿಲ್ಲ. ನಮ್ಮ ಬೀದಿಯಲ್ಲಿ ಎಪ್ಪತ್ತರ ದಶಕದಿಂದ ಇರುವವರ ಮನೆಯ ದಾಖಲೆ ಮೌಲ್ಯ ಒಂದೂವರೆ ಲಕ್ಷ ಇದೆ ಅಂದುಕೊಳ್ಳಿ. ಪಕ್ಕದ ಮನೆಯನ್ನು ಮೊನ್ನೆ ಮೊನ್ನೆ ಹದಿನೈದು ಲಕ್ಷ ಕೊಟ್ಟು ಕೊಂಡವರು ಇದ್ದಾರೆ. ಮನೆಗಳು ಅಕ್ಕತಂಗಿಯರ ಹಾಗೆ ಒಂದೇ ತರ. ಪೂರ್ತಿ 25ರ ದರದಲ್ಲಿ ಮೊದಲಿನವರಿಗೆ ಬೀಳುವುದು ವರ್ಷಕ್ಕೆ ಸುಮಾರು 38 ಡಾಲರ್, ಎರಡನೆಯವರಿಗೆ 375. ನಮ್ಮ ಊರಲ್ಲಿ ಆ ಎರಡನೆಯ ಸಾಲಿನಲ್ಲಿ ಕನ್ನಡದವರು, ತೆಲುಗಿನವರು, ಚೀನಾದವರು ಜಾಸ್ತಿ. ಅವರಲ್ಲಿ ಎಷ್ಟೋ ಜನರಿಗೆ ಮತ ಹಾಕುವ ಹಕ್ಕೇ ಇಲ್ಲ, ಪೌರತ್ವ ಇನ್ನೂ ಬಂದಿಲ್ಲ. ಜಾಸ್ತಿ ಕಟ್ಟುವವರು ಮತ ಹಾಕುವಂತಿಲ್ಲ, ಮತ ಹಾಕುವವರು ಕಟ್ಟುವುದು ಕಡಿಮೆ. ಆದರೂ ವಿರೋಧಿಸಿದ್ದು ಕಡಿಮೆ ಕಟ್ಟುವವರೇ! ಇದು ಯಾಕೆ ಅಂತ ಅರ್ಥವಾಗಲು ನನಗೆ ಎರಡು ವರ್ಷ ಬೇಕಾಯಿತು.

ಮೊದಲ ಸಲ: ಎಲ್ಲರೂ ಹೂಂ ಅಂದರು

ಕಾಲೇಜಿನ ಹೆಚ್ಚಿನ ಕಟ್ಟಡಗಳು 1960ರ ದಶಕದವು. ಆ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಉದ್ದಗಲಕ್ಕೂ ಇಂಥ ಕಾಲೇಜುಗಳು ಎದ್ದವು. ಈಗ ಎಲ್ಲಕ್ಕೂ ಒಟ್ಟಿಗೇ ವಯಸ್ಸಾಗಿದೆ. 2019ರಲ್ಲಿ ಟ್ರಸ್ಟಿಗಳು ದೊಡ್ಡ ಪಟ್ಟಿಯೊಂದನ್ನು ತಯಾರಿಸಿದರು. ಹೊಸ ವಿಜ್ಞಾನ ಕಟ್ಟಡ, ವಿದ್ಯಾರ್ಥಿ ಭವನ, ಕ್ರೀಡಾಂಗಣದ ನವೀಕರಣ, ಬಹುಮಹಡಿ ಪಾರ್ಕಿಂಗ್, ಬೆಟ್ಟದೂರಿನಲ್ಲಿ ಒಂದು ಉಪಕ್ಯಾಂಪಸ್. ದರ ಪೂರ್ತಿ 25. ಮತದಾನದ ದಿನ 2020ರ ಮಾರ್ಚ್ 3, ರಾಜ್ಯದ ಪ್ರೈಮರಿ ಚುನಾವಣೆ, ಅಂದರೆ ನವೆಂಬರ್‌ನ ಸಾರ್ವತ್ರಿಕ ಚುನಾವಣೆಗೆ ಮುಂಚಿನ ಸುತ್ತು.

ಕಾಲೇಜಿನ ಕಚೇರಿಯಿಂದ ಮೂರೂ ಕೌನ್ಸಿಲ್‌ಗಳಿಗೆ ಬೆಂಬಲ ಠರಾವಿನ ಕರಡು ಹೋಯಿತು. "ಇಲ್ಲಿ ನಿಮ್ಮ ಊರಿನ ಹೆಸರು ಹಾಕಿ" ಎಂದು ಜಾಗ ಬಿಟ್ಟಿದ್ದ ಕರಡು. ಮೂರು ಕಡೆಯೂ ಅದನ್ನು ಕನ್ಸೆಂಟ್ ಕ್ಯಾಲೆಂಡರ್‌ಗೆ ಹಾಕಿದರು. ಹಾಗಂದರೆ ಚರ್ಚೆ ಬೇಡದ ವಿಷಯಗಳ ಗಂಟು. ಹಿಂದಿನ ಸಭೆಯ ನಡಾವಳಿ, ಬೀದಿದೀಪ ರಿಪೇರಿಯ ಬಿಲ್ಲು, ಅದರ ಜೊತೆಗೆ ಇದೂ. ಒಬ್ಬರು ಸೂಚಿಸಿದರು, ಒಬ್ಬರು ಅನುಮೋದಿಸಿದರು, ಐದಕ್ಕೆ ಸೊನ್ನೆ. ಬೆಟ್ಟದೂರಿನಲ್ಲಿ ಆ ಸಂಜೆ ನಾನೂ ಇದ್ದೆ, ಬೇರೆ ಕೆಲಸಕ್ಕೆ ಹೋಗಿದ್ದೆ. ಆ ಗಂಟಿನಲ್ಲಿ ಒಂದು ಬಾಂಡ್ ಇತ್ತು ಅಂತ ನನಗೆ ಗೊತ್ತಾದದ್ದು ಮರುದಿನ. ಮತ ಹಾಕಿದ ಒಬ್ಬ ಸದಸ್ಯರಿಗೂ ಮರುದಿನವೇ ಗೊತ್ತಾಯಿತು ಅಂತ ನನ್ನ ಗುಮಾನಿ.

ಕಾಲೇಜಿಗೆ ಇದು ದೊಡ್ಡ ಗೆಲುವಿನಂತೆ ಕಂಡಿತು. ಮೂರು ಸಿಟಿಗಳ ಲಾಂಛನ ಹಾಕಿದ ಬಣ್ಣದ ಕರಪತ್ರ ಮನೆಮನೆಗೆ ಬಂತು. ನಗುವ ಮಕ್ಕಳ ಫೋಟೋ, "ನಮ್ಮ ನಾಳೆಗಾಗಿ" ಎಂಬ ಧಾಟಿ. ಇಲ್ಲಿ ಮೊದಲ ಎಡವಟ್ಟು. ಸಾರ್ವಜನಿಕ ಹಣದಲ್ಲಿ ಮತದಾನದ ಪ್ರಚಾರ ಮಾಡುವಂತಿಲ್ಲ. 1976ರಲ್ಲೇ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಸ್ಟಾನ್ಸನ್ ಮತ್ತು ಮಾಟ್ ಪ್ರಕರಣದಲ್ಲಿ ಇದನ್ನು ಹೇಳಿದೆ. ಶಾಲೆ ಕಾಲೇಜುಗಳಿಗೆ ಶಿಕ್ಷಣ ಸಂಹಿತೆಯ 7054ನೇ ಸೆಕ್ಷನ್ ಬೇರೆ ಇದೆ. ನಿಷ್ಪಕ್ಷಪಾತ ಮಾಹಿತಿ ಕೊಡಬಹುದು. ಮಂಡಳಿ ಬಹಿರಂಗ ಸಭೆಯಲ್ಲಿ ಠರಾವು ಮಾಡಬಹುದು. "ಹೌದು ಅನ್ನಿ" ಎಂದು ಮಾತ್ರ ಹೇಳುವಂತಿಲ್ಲ. ಆ ಕರಪತ್ರದಲ್ಲಿ "ಹೌದು" ಎಂಬ ಪದ ಎಲ್ಲೂ ಇರಲಿಲ್ಲ ನಿಜ. ಆದರೆ ಓದಿದವರಿಗೆ ಅದರ ಉದ್ದೇಶ ಗೊತ್ತಾಗದಷ್ಟು ಮುಗ್ಧತೆಯೂ ಇರಲಿಲ್ಲ. ದೂರು ಹೋಯಿತು. ವಕೀಲರ ಸಲಹೆಯಂತೆ ಎರಡನೇ ಕರಪತ್ರ ನಿಂತಿತು. ಕಾನೂನಿನ ಲೆಕ್ಕದಲ್ಲಿ ಅಷ್ಟಕ್ಕೇ ಮುಗಿಯಿತು, ಜನರ ಲೆಕ್ಕದಲ್ಲಿ ಮುಗಿಯಲಿಲ್ಲ. "ನಮ್ಮದೇ ದುಡ್ಡಲ್ಲಿ ನಮಗೇ ಟೋಪಿ" ಅನ್ನುವ ಮಾತು ಸೂಪರ್‌ಮಾರ್ಕೆಟ್ಟಿನ ಕ್ಯೂನಲ್ಲಿ ಕೇಳಿಸಿತು.

ಎರಡನೆಯದು ಪಾರ್ಕಿಂಗ್ ಕಟ್ಟಡ. ಅದು ನಿಲ್ಲುವ ಜಾಗ ದೊಡ್ಡೂರಿನ ಗಡಿಯೊಳಗೆ, ಆದರೆ ಅದರ ಎದುರಿಗಿರುವ ಮನೆಗಳು ಬೆಟ್ಟದೂರಿನವು. ನಮ್ಮ ಕೌನ್ಸಿಲ್ ಠರಾವಿಗೆ ಕೈ ಎತ್ತಿದ ಮೇಲೆ ಆ ಮನೆಯವರು ನಕ್ಷೆ ನೋಡಿದರು. ಮುಂದಿನ ಸಭೆಗೆ ಕುರ್ಚಿ ಸಾಲಲಿಲ್ಲ. ಕೌನ್ಸಿಲ್ ಸದಸ್ಯರ ಬಳಿ ಉತ್ತರ ಇರಲಿಲ್ಲ, ಯಾಕೆಂದರೆ ಅವರು ಪ್ರಶ್ನೆಯನ್ನೇ ಕೇಳಿರಲಿಲ್ಲ. ಒಬ್ಬ ಸದಸ್ಯರಂತೂ ತಾವೇ ಕೈ ಎತ್ತಿದ ಬಾಂಡ್‌ಗೆ ತಾವು ಮತ ಹಾಕುವುದಿಲ್ಲ ಅಂತ ಕಾಫಿ ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದರು.

ಮೂರನೆಯದು ಯಾರ ಕೈಯಲ್ಲೂ ಇರಲಿಲ್ಲ. ಅದೇ ದಿನದ ಮತಪತ್ರದಲ್ಲಿ ರಾಜ್ಯದ ದೊಡ್ಡ ಶಾಲಾ ಬಾಂಡ್ ಒಂದಿತ್ತು, 1500 ಕೋಟಿ ಡಾಲರಿನದು. ಅದಕ್ಕೆ ಸಿಕ್ಕ ನಂಬರು 13! ಹಳೆಯ ತಲೆಮಾರಿನವರಿಗೆ ಆ ಸಂಖ್ಯೆ ಕಂಡರೆ 1978ರ ಬೀಗವೇ ನೆನಪಿಗೆ ಬರುವುದು. "13ನ್ನು ತೆಗೆಯಲು ಹೊರಟಿದ್ದಾರೆ" ಎಂಬ ಗೊಂದಲ ಹಬ್ಬಿತು. ಅದೂ ಸೋತಿತು. ಆ ದಿನ ರಾಜ್ಯದಲ್ಲಿ ಎಷ್ಟೋ ಸ್ಥಳೀಯ ಬಾಂಡ್‌ಗಳು ಮಕಾಡೆ ಮಲಗಿದವು.

ನಮ್ಮದಕ್ಕೆ ಅರ್ಧಕ್ಕಿಂತ ಜಾಸ್ತಿ ಜನ ಹೌದು ಅಂದಿದ್ದರು. 55 ಮಾತ್ರ ಮುಟ್ಟಲಿಲ್ಲ. ದೊಡ್ಡೂರಿನಲ್ಲಿ ಆರಾಮಾಗಿ ದಾಟಿತ್ತು, ತೋಟದೂರಿನಲ್ಲಿ ಅಂಚಿನಲ್ಲಿತ್ತು, ಬೆಟ್ಟದೂರಿನಲ್ಲಿ ನೆಲಕಚ್ಚಿತ್ತು. ಎರಡು ವಾರ ಕಳೆಯುವುದರೊಳಗೆ ಕೋವಿಡ್ ಬಂದು ಕ್ಯಾಂಪಸ್ಸಿನ ಗೇಟು ಮುಚ್ಚಿತು. ಸೋಲಿನ ಬಗ್ಗೆ ಯೋಚಿಸುವ ಪುರುಸೊತ್ತೂ ಯಾರಿಗೂ ಇರಲಿಲ್ಲ.

ಮೂರು ಪುಟದ ಪತ್ರ

ಮುಂದಿನ ವರ್ಷ ಕಾಲೇಜಿಗೆ ಹೊಸ ಅಧ್ಯಕ್ಷೆ ಬಂದರು. 2022ರ ನವೆಂಬರ್‌ನಲ್ಲಿ ಮತ್ತೆ ಹೋಗಬೇಕು ಎಂಬ ಮಾತು ಶುರುವಾಯಿತು. ಮತ್ತೆ ಅದೇ ಕರಡು ಠರಾವು, ಮತ್ತೆ ಅದೇ ಖಾಲಿ ಜಾಗ. ಈ ಸಲ ಬೆಟ್ಟದೂರಿನ ಸಿಟಿ ಮ್ಯಾನೇಜರ್ ಅದನ್ನು ಕನ್ಸೆಂಟ್ ಗಂಟಿಗೆ ಹಾಕಲಿಲ್ಲ. ಅದರ ಬದಲು ಕಾಲೇಜಿಗೆ ಮೂರು ಪುಟದ ಪತ್ರ ಬರೆದರು. ಬೆಂಬಲವೂ ಅಲ್ಲ, ವಿರೋಧವೂ ಅಲ್ಲ, ಬರೀ ಪ್ರಶ್ನೆ. ಪಾರ್ಕಿಂಗ್ ಎಲ್ಲಿ, ಎಷ್ಟು ಎತ್ತರ? ಉಪಕ್ಯಾಂಪಸ್ಸಿಗೆ ಜಾಗ ಯಾರದು? ಕಾಡ್ಗಿಚ್ಚು ಬಂದರೆ ನಮ್ಮ ಜನ ನಿಮ್ಮ ಜಿಮ್‌ನಲ್ಲಿ ಮಲಗಬಹುದಾ? ವಿದ್ಯಾರ್ಥಿಗಳ ಸಂಖ್ಯೆ ಇಳಿದಿರುವಾಗ ಇಷ್ಟು ಕಟ್ಟಡ ಯಾಕೆ?

ಕಾಲೇಜಿನವರಿಗೆ ಪತ್ರ ಓದಿ ಸಿಟ್ಟು ಬಂತು. ಇವರು ನಮ್ಮ ಕಾಲೆಳೆಯುತ್ತಿದ್ದಾರೆ ಅಂದುಕೊಂಡರು. ಬೆಟ್ಟದೂರನ್ನು ಬಿಟ್ಟು ಉಳಿದ ಎರಡು ಊರುಗಳ ಬೆಂಬಲ ತಗೊಂಡು ಹೋಗೋಣ ಎಂದು ಒಬ್ಬ ಟ್ರಸ್ಟಿ ಬಹಿರಂಗ ಸಭೆಯಲ್ಲೇ ಹೇಳಿದರು. ಅಧ್ಯಕ್ಷೆ ಒಪ್ಪಲಿಲ್ಲ. ಮೊದಲ ಸಲದ ಮತದ ಲೆಕ್ಕ ಅವರ ಕೈಯಲ್ಲಿತ್ತು. "ಬೆಟ್ಟದೂರಿನಲ್ಲಿ ನಾವು ಗೆಲ್ಲಬೇಕಾಗಿಲ್ಲ, ಅಷ್ಟೊಂದು ಸೋಲದಿದ್ದರೆ ಸಾಕು" ಎಂದರಂತೆ. ಲೆಕ್ಕ ಡಿಸ್ಟ್ರಿಕ್ಟ್ ಪೂರ್ತಿಗೆ ಒಟ್ಟಿಗೇ ನಡೆಯುವುದರಿಂದ ಆ ಮಾತು ನೂರಕ್ಕೆ ನೂರು ಸರಿ.

ಟ್ರಸ್ಟಿಗಳು ಮತ್ತು ಕೌನ್ಸಿಲ್ ಒಟ್ಟಿಗೆ ಕೂರುವುದು ಎಂದಾಯಿತು. ಬಹಿರಂಗ ಸಭೆಗಳ ಬ್ರೌನ್ ಕಾಯ್ದೆಯ ಪ್ರಕಾರ 72 ಗಂಟೆ ಮುಂಚೆ ಕಾರ್ಯಸೂಚಿ ಅಂಟಿಸಿ, ಬಾಗಿಲು ತೆರೆದಿಟ್ಟು, ಜನರಿಗೂ ಮಾತಾಡಲು ಬಿಟ್ಟು. ನಮ್ಮ ಲೈಬ್ರರಿಯ ಸಭಾಂಗಣದಲ್ಲಿ. ಮಳೆ ಬರುತ್ತಿದ್ದ ಸಂಜೆ.

ಮೊದಲ ಒಂದು ಗಂಟೆ ಸ್ಲೈಡ್‌ಗಳು. ನಿದ್ದೆ ಬರುವಂಥವು. ಆಮೇಲೆ ಜನರ ಸರದಿ. ಶಾಲಾ ಬಸ್ ಓಡಿಸಿ ನಿವೃತ್ತರಾದ ಒಬ್ಬ ಹಿರಿಯರು ಮೈಕ್ ಹಿಡಿದರು. ಎಪ್ಪತ್ತರ ದಶಕದಿಂದ ಇಲ್ಲೇ ಇರುವವರು. ಅವರ ಕಂದಾಯ ಏರುವುದು ಒಂದು ಊಟದ ಖರ್ಚಿನಷ್ಟು. "ನಿಮ್ಮಲ್ಲಿ ಓದುವವರು ಕಡಿಮೆ ಆಗಿದ್ದಾರೆ. ಇದ್ದವರಲ್ಲೂ ಅರ್ಧ ಜನ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪಾಠ ಕೇಳುತ್ತಾರೆ. ನನಗೆ ದುಡ್ಡಿನ ಪ್ರಶ್ನೆ ಅಲ್ಲ. ಖಾಲಿ ಕಟ್ಟಡಕ್ಕೆ ನಾನು ಯಾಕೆ ಸಾಲಗಾರನಾಗಬೇಕು?"

ಅಧ್ಯಕ್ಷೆ ತಯಾರಾದ ಉತ್ತರವೊಂದನ್ನು ಹೇಳಲು ಹೊರಟು ಅರ್ಧಕ್ಕೆ ನಿಲ್ಲಿಸಿದರು. ಆಗ ಕಾಲೇಜಿನ ಕಟ್ಟಡಗಳನ್ನು ನೋಡಿಕೊಳ್ಳುವ ಅಧಿಕಾರಿ, ಅಲ್ಲಿಯವರೆಗೆ ಮೂಲೆಯಲ್ಲಿ ಸುಮ್ನೆ ಕೂತಿದ್ದವರು, ಎದ್ದು ನಿಂತರು. ವೆಲ್ಡಿಂಗ್ ಕಂಪ್ಯೂಟರಿನಲ್ಲಿ ಕಲಿಸಲು ಆಗುವುದಿಲ್ಲ, ನಾಳೆ ಬೆಳಿಗ್ಗೆ ಬನ್ನಿ, ಮಳೆ ನಿಲ್ಲುವ ಮೊದಲೇ ಬನ್ನಿ, ತೋರಿಸುತ್ತೇನೆ ಎಂದರು.

ಮರುದಿನ ಹತ್ತು ಹನ್ನೆರಡು ಜನ ಹೋದೆವು. ಇಬ್ಬರು ಕೌನ್ಸಿಲ್ ಸದಸ್ಯರು, ಆ ಹಿರಿಯರು, ನಾನು, ಇನ್ನು ಕೆಲವರು. ವೆಲ್ಡಿಂಗ್ ಶಾಪಿನಲ್ಲಿ ನೆಲದ ಮೇಲೆ ಬಕೆಟ್‌ಗಳಿದ್ದವು. ಮೇಲಿನಿಂದ ಹನಿ, ಪಕ್ಕದಲ್ಲೇ ಕರೆಂಟಿನ ಯಂತ್ರ. ಮಳೆ ಬಂದ ದಿನ ಆ ಸಾಲಿನ ಬೂತ್‌ಗಳನ್ನು ಬಂದ್ ಮಾಡುತ್ತಾರೆ. ಉಳಿದ ಬೂತ್‌ಗಳಿಗೆ ಹುಡುಗರು ಸರದಿಯಲ್ಲಿ ನಿಂತಿದ್ದರು. ಆ ಕೋರ್ಸಿಗೆ ಸೀಟು ಕಾಯುವವರ ಪಟ್ಟಿ ಬೇರೆ ಇತ್ತು. ನರ್ಸಿಂಗ್ ಕಥೆಯೂ ಅದೇ. ಅಂದರೆ ಒಟ್ಟು ಸಂಖ್ಯೆ ಇಳಿದಿತ್ತು ನಿಜ, ಆದರೆ ಕೈಯಿಂದ ಕಲಿಯುವ ವಿಷಯಗಳಲ್ಲಿ ಜಾಗವೇ ಇರಲಿಲ್ಲ. ಈ ಸರಳ ಸತ್ಯ ಮೊದಲ ಸಲದ ಬಣ್ಣದ ಕರಪತ್ರದಲ್ಲಿ ಎಲ್ಲೂ ಇರಲಿಲ್ಲ! ಕ್ರೀಡಾಂಗಣದ ಚಿತ್ರ ಇತ್ತು.

ಏನು ಬಿಟ್ಟರು, ಏನು ಇಟ್ಟುಕೊಂಡರು

ಅಲ್ಲಿಂದ ಮುಂದೆ ನಾಲ್ಕೈದು ತಿಂಗಳು ಎಳೆದಾಟ. ಕ್ರೀಡಾಂಗಣ ಪಟ್ಟಿಯಿಂದ ಹೋಯಿತು. ವಿದ್ಯಾರ್ಥಿ ಭವನವನ್ನು ಹೊಸದಾಗಿ ಕಟ್ಟುವ ಬದಲು ಹಳೆಯದನ್ನೇ ರಿಪೇರಿ ಮಾಡುವುದು ಎಂದಾಯಿತು. ವೆಲ್ಡಿಂಗ್, ವಾಹನ ರಿಪೇರಿ, ನರ್ಸಿಂಗ್ ಪಟ್ಟಿಯ ಮೇಲಕ್ಕೆ ಬಂದವು. ದರವನ್ನು 25ರಿಂದ 20ರ ಆಸುಪಾಸಿಗೆ ಇಳಿಸಿದರು.

ಪಾರ್ಕಿಂಗ್ ಕಟ್ಟಡವೇ ಕಗ್ಗಂಟು. ತರಗತಿಗಳ ಕಟ್ಟಡವಾದರೆ ಸಿಟಿಯ ಜೋನಿಂಗ್ ನಿಯಮದಿಂದ (ಯಾವ ಜಾಗದಲ್ಲಿ ಏನು ಕಟ್ಟಬಹುದು ಎಂಬ ನಿಯಮ) ತಪ್ಪಿಸಿಕೊಳ್ಳಲು ದಾರಿ ಹುಡುಕಬಹುದು. ಪಾರ್ಕಿಂಗ್‌ಗೆ ಆ ದಾರಿಯೂ ಸುಲಭವಲ್ಲ. ಬೇರೆ ಕಡೆ ಇಂಥದೇ ಪಾರ್ಕಿಂಗ್ ಕಟ್ಟಡಕ್ಕಾಗಿ ಸಿಟಿಯೂ ಕಾಲೇಜೂ ಕೋರ್ಟು ಹತ್ತಿದ್ದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಕಾಲೇಜು ಅದನ್ನು ಕೈಬಿಟ್ಟಿತು. ಆನ್‌ಲೈನ್ ತರಗತಿಗಳಿಂದಾಗಿ ಕಾರುಗಳು ಹೇಗೂ ಕಡಿಮೆಯಾಗಿದ್ದವು. ಬಿಟ್ಟುಕೊಡುವುದು ಅಷ್ಟೇನೂ ಕಷ್ಟವಾಗಲಿಲ್ಲ ಅಂತ ನನಗನ್ನಿಸುತ್ತದೆ, ಆದರೆ ಎದುರು ಮನೆಯವರಿಗೆ ಅದು ದೊಡ್ಡ ವಿಷಯ.

ಉಪಕ್ಯಾಂಪಸ್‌ಗೆ ಜಾಗ ಕೊಳ್ಳುವ ಬದಲು ಸಿಟಿಯ ಖಾಲಿ ಬಿದ್ದ ಒಂದು ಜಾಗವನ್ನು ದೀರ್ಘಾವಧಿಗೆ ಕಡಿಮೆ ಬಾಡಿಗೆಗೆ ಕೊಡಲು ಸಿಟಿ ಒಪ್ಪಿತು. ಅದಕ್ಕೆ ಪ್ರತಿಯಾಗಿ ಸಂಜೆ ಮತ್ತು ಶನಿವಾರ ಅಲ್ಲಿನ ಹಾಲ್ ಊರಿನವರ ಬಳಕೆಗೆ, ಬೆಂಕಿ ಅನಾಹುತ ಬಂದರೆ ಆಶ್ರಯಕ್ಕೆ. ಇದನ್ನೆಲ್ಲ ಒಪ್ಪಂದವಾಗಿ ಬರೆದರು. ನನ್ನ ಪ್ರಕಾರ ಸ್ಥಳೀಯ ಸರ್ಕಾರದ ನಿಜವಾದ ಬೆಂಬಲ ಅಂದರೆ ಇದು. ಠರಾವು ಕಾಗದ. ಜಾಗ ಕೊಟ್ಟರೆ ಸಿಟಿಗೂ ಅದರಲ್ಲಿ ಪಾಲು ಬಂತು. ನಾಳೆ ಯಾರಾದರೂ "ಇದರಿಂದ ನಮಗೇನು" ಅಂತ ಕೇಳಿದರೆ ಮೇಯರ್ ಕೈ ತೋರಿಸಿ ಹೇಳಬಹುದು.

ಎಲ್ಲವೂ ಹೀಗೆ ಸಲೀಸಾಗಲಿಲ್ಲ. ದೊಡ್ಡೂರಿನ ಕೌನ್ಸಿಲ್ ತನ್ನ ಒಂದು ಜಂಕ್ಷನ್ನಿಗೆ ಸಿಗ್ನಲ್ ಹಾಕುವ ಖರ್ಚನ್ನು ಬಾಂಡಿನಿಂದ ಕೊಡಿ ಎಂದಿತು. ಕಾಲೇಜಿನ ಕಾನೂನು ಸಲಹೆಗಾರರು ಒಪ್ಪಲಿಲ್ಲ. ಸ್ವಲ್ಪ ಮುಖ ಗಂಟಾಯಿತು, ಆಮೇಲೆ ಬೆಂಬಲಿಸಿದರು. ತೋಟದೂರಿನ ಕೌನ್ಸಿಲ್ ಪೂರ್ತಿ ಚರ್ಚೆ ಮಾಡಿ, ನಮ್ಮ ಊರಿಗೆ ಇದರಲ್ಲಿ ಏನೂ ಇಲ್ಲ, ನಾವು ಯಾವ ಕಡೆಗೂ ಇಲ್ಲ ಎಂದು ನಿರ್ಧರಿಸಿತು. ಕಾಲೇಜಿಗೆ ಬೇಜಾರಾಯಿತು. ಆದರೆ ಆ ಚರ್ಚೆಯ ವಿಡಿಯೋ ನೋಡಿದವರಿಗೆ ಬಾಂಡಿನ ಬಗ್ಗೆ ಯಾವ ಕರಪತ್ರಕ್ಕಿಂತಲೂ ಚೆನ್ನಾಗಿ ತಿಳಿಯುತ್ತಿತ್ತು.

ಬೆಟ್ಟದೂರಿನಲ್ಲಿ ಮತ ಮೂರಕ್ಕೆ ಎರಡು. ವಿರೋಧಿಸಿದ ಇಬ್ಬರೂ ತಮ್ಮ ಕಾರಣ ಹೇಳಿದರು. ಒಬ್ಬರದು ಬಡ್ಡಿಯ ಭಯ. ಸ್ಯಾನ್ ಡಿಯೇಗೊ ಕೌಂಟಿಯ ಒಂದು ಶಾಲಾ ಡಿಸ್ಟ್ರಿಕ್ಟ್ 2011ರಲ್ಲಿ 10.5 ಕೋಟಿ ಡಾಲರ್ ಎತ್ತಿ, ಕೊನೆಗೆ ಸುಮಾರು 98 ಕೋಟಿ ತೀರಿಸಬೇಕಾಗಿ ಬಂದದ್ದನ್ನು ಅವರು ಎತ್ತಿದರು. ಬಡ್ಡಿಯನ್ನು ವರ್ಷಗಟ್ಟಲೆ ಕಟ್ಟದೆ ಮುಂದೂಡುವ ಬಾಂಡ್ ಅದು. ಆ ಗಲಾಟೆಯ ನಂತರ 2013ರಲ್ಲಿ ಕಾನೂನು ಬಂತು: ಅಂಥ ಬಾಂಡ್ 25 ವರ್ಷ ಮೀರಬಾರದು, ತೀರಿಸುವ ಒಟ್ಟು ಮೊತ್ತ ಅಸಲಿನ ನಾಲ್ಕು ಪಟ್ಟು ಮೀರಬಾರದು. ಕಾಲೇಜು ಒಂದು ಹೆಜ್ಜೆ ಮುಂದೆ ಹೋಗಿ, ಅಂಥ ಬಾಂಡ್ ಮುಟ್ಟುವುದೇ ಇಲ್ಲ ಎಂದು ತನ್ನ ಠರಾವಿನಲ್ಲೇ ಬರೆದುಕೊಂಡಿತು. ವಿರೋಧಿಸಿದವರ ಮತ ಬದಲಾಗಲಿಲ್ಲ, ಆದರೆ ಬಾಂಡ್ ಗಟ್ಟಿಯಾಯಿತು.

ಮನೆಗಳಲ್ಲಿ ನಡೆದ ಮಾತು

ಮತದಾರರ ಕೈಪಿಡಿಯಲ್ಲಿ ಪರ ವಾದಕ್ಕೆ 300 ಪದ, ಹೆಚ್ಚೆಂದರೆ ಐದು ಸಹಿ. ಮೊದಲ ಸಲ ಸಹಿ ಹಾಕಿದವರಲ್ಲಿ ಹೆಚ್ಚಿನವರು ಕಾಲೇಜಿನ ಸುತ್ತಮುತ್ತಲಿನವರೇ. ಈ ಸಲ ಒಬ್ಬ ನರ್ಸ್, ಒಬ್ಬ ಪ್ಲಂಬರ್, ನಮ್ಮ ಮೇಯರ್. ಪ್ರಚಾರವನ್ನು ಖಾಸಗಿ ಸಮಿತಿ ನಡೆಸಿತು. ಅದಕ್ಕೆ ದುಡ್ಡು ಕೊಟ್ಟವರಲ್ಲಿ ಕಟ್ಟಡದ ಕಂಪನಿಗಳು, ಆರ್ಕಿಟೆಕ್ಟ್‌ಗಳು ಇದ್ದರು. ಇಂಥ ಬಾಂಡ್ ಪ್ರಚಾರಗಳಲ್ಲಿ ಇದು ಮಾಮೂಲಿ, ಬಹಿರಂಗ ದಾಖಲೆಯಲ್ಲೂ ಇರುತ್ತದೆ. ಗೆದ್ದರೆ ಕೆಲಸ ಸಿಗುವವರೇ ಗೆಲ್ಲಿಸಲು ದುಡ್ಡು ಹಾಕುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಕನ್ನಡದ ಗೆಳತಿಯೊಬ್ಬಳು, ಹೊಸ ಮನೆ ಕೊಂಡವಳು, ಮಕ್ಕಳ ಕನ್ನಡ ತರಗತಿಯ ಹೊರಗೆ ನನ್ನನ್ನು ಹಿಡಿದುಕೊಂಡಳು.

"ಅಕ್ಕಾ, ನೀವು ಆ ಬಾಂಡ್‌ಗೆ ಓಡಾಡ್ತಿದ್ದೀರಂತೆ. ನಮಗೇ ತಾನೆ ಜಾಸ್ತಿ ಬೀಳೋದು? ಪಕ್ಕದ ಮನೆ ತಾತನಿಗೆ ಎಷ್ಟು ಗೊತ್ತಾ?"

"ಗೊತ್ತು. ಮೂವತ್ತು ಡಾಲರ್."

"ನಮಗೆ ಮುನ್ನೂರು. ನಾವು ಮತಾನೂ ಹಾಕೋ ಹಾಗಿಲ್ಲ. ಇದ್ಯಾವ ನ್ಯಾಯ?"

ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ನ್ಯಾಯ ಅಲ್ಲ, 1978ರಿಂದ ಇರುವ ನಿಯಮ ಎಂದೆ. ನಿನ್ನ ಮಗಳು ಮುಂದಿನ ವರ್ಷ ಹೈಸ್ಕೂಲಿನಲ್ಲೇ ಅಲ್ಲಿ ಒಂದೆರಡು ಕೋರ್ಸ್ ತಗೊಳ್ಳಬಹುದು ಎಂದೆ. ಅವಳು ನಕ್ಕು "ಅದು ಬೇರೆ ಮಾತು" ಅಂದಳು. ಅದು ಬೇರೆ ಮಾತೇ.

ಆದರೆ ಆ ಜಗಲಿ ಮಾತು ನನಗೆ ಹಳೆಯ ಒಗಟನ್ನು ಬಿಡಿಸಿಕೊಟ್ಟಿತು. ಹೊಸಬರು ಕಂದಾಯದ ಬಿಲ್ಲು ನೋಡುತ್ತಾರೆ. ಹಳಬರು ಬಿಲ್ಲು ನೋಡುವುದಿಲ್ಲ, ಮಾತು ಉಳಿಸಿಕೊಂಡಿರಾ ಅಂತ ನೋಡುತ್ತಾರೆ. ಬಸ್ ಓಡಿಸಿದ ಹಿರಿಯರಿಗೆ ಮೂವತ್ತು ಡಾಲರ್ ದೊಡ್ಡದಾಗಿರಲಿಲ್ಲ. ಕೇಳದೇ ಕೈ ಎತ್ತಿದ ಕೌನ್ಸಿಲ್ಲೇ ದೊಡ್ಡದಾಗಿತ್ತು.

ಫಲಿತಾಂಶ ಮತ್ತು ಆಮೇಲೆ

2022ರ ನವೆಂಬರ್ 8ರ ಮತದಾನದಲ್ಲಿ ಬಾಂಡ್ 55ನ್ನು ದಾಟಿತು. ಭಾರಿ ಅಂತರವೇನಲ್ಲ. ಪೂರ್ತಿ ಲೆಕ್ಕ ಮುಗಿಯಲು ವಾರಗಳೇ ಹಿಡಿದವು, ಅಂಚೆಯಲ್ಲಿ ಬಂದ ಮತಗಳನ್ನು ಎಣಿಸುತ್ತಲೇ ಇದ್ದರು. ಬೆಟ್ಟದೂರಿನಲ್ಲಿ ಈ ಸಲವೂ 55 ಬರಲಿಲ್ಲ. ಆದರೆ ಮೊದಲ ಸಲದ ಹಾಗೆ ನೆಲಕಚ್ಚಲೂ ಇಲ್ಲ. ಅಧ್ಯಕ್ಷೆ ಹೇಳಿದ್ದು ಅಷ್ಟೇ ತಾನೆ.

ನವೆಂಬರ್‌ನ ಸಾರ್ವತ್ರಿಕ ಚುನಾವಣೆಗೆ ಜಾಸ್ತಿ ಜನ ಬರುತ್ತಾರೆ, ಯುವಕರೂ ಬಾಡಿಗೆ ಮನೆಯವರೂ ಬರುತ್ತಾರೆ, ಅದರಿಂದಲೇ ಗೆದ್ದದ್ದು ಎನ್ನುವವರಿದ್ದಾರೆ. ಅದರಲ್ಲಿ ನಿಜ ಇದೆ. ದಿನ ಬದಲಾದದ್ದು ಎಷ್ಟು, ಪಟ್ಟಿ ಬದಲಾದದ್ದು ಎಷ್ಟು ಅಂತ ಬೇರ್ಪಡಿಸಿ ಹೇಳಲು ಯಾರಿಂದಲೂ ಆಗದು. ದಿನಾಂಕ ಮಾತ್ರ ಬದಲಿಸಿ ಹಳೆಯ ಪಟ್ಟಿಯನ್ನೇ ತಂದಿದ್ದರೆ ದೊಡ್ಡೂರಿನ ಮತ ಜಾಸ್ತಿ ಆಗುತ್ತಿತ್ತು, ಬೆಟ್ಟದೂರಿನ ಪಾರ್ಕಿಂಗ್ ಸಿಟ್ಟು ಹಾಗೇ ಇರುತ್ತಿತ್ತು ಎಂಬುದು ನನ್ನ ಅಂದಾಜು.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಕೌನ್ಸಿಲ್‌ನಲ್ಲೋ ಆಯೋಗದಲ್ಲೋ ಇದ್ದರೆ ಅವರಿಗೆ ಎರಡು ಮಾತು. ಬೆಂಬಲದ ಕರಡು ಬೇರೆಯವರು ಬರೆದುಕೊಟ್ಟರೆ ತಗೊಳ್ಳಬೇಡಿ, ಪ್ರಶ್ನೆ ಬರೆದು ವಾಪಸ್ ಕಳಿಸಿ. ಮತ್ತೆ, ನಾವು ಮಾಡಿದ ತಪ್ಪನ್ನು ಮಾಡಬೇಡಿ. ಬಾಂಡ್ ದುಡ್ಡಲ್ಲಿ ಗೋಡೆ ಕಟ್ಟಬಹುದು, ಸಂಬಳ ಕೊಡುವಂತಿಲ್ಲ. ಹೊಸ ಉಪಕ್ಯಾಂಪಸ್ಸಿಗೆ ಕರೆಂಟು, ಕಾವಲು, ಕಸ ಗುಡಿಸುವವರು, ಪಾಠ ಹೇಳುವವರು, ಇದೆಲ್ಲ ಕಾಲೇಜಿನ ದಿನನಿತ್ಯದ ಬಜೆಟ್ಟಿನಿಂದಲೇ ಬರಬೇಕು. ಮೂರು ಪುಟದ ಪತ್ರದಲ್ಲಿ ಆ ಪ್ರಶ್ನೆ ಇರಲಿಲ್ಲ. ಒಪ್ಪಂದದಲ್ಲೂ ಇಲ್ಲ. ಶನಿವಾರ ಹಾಲ್ ತೆರೆಯುವ ಮನುಷ್ಯನ ಕೂಲಿ ಯಾರದು ಅಂತ ಈಗ ಚೌಕಾಸಿ ನಡೆದಿದೆ.

ಬೇರೆ ತಲೆನೋವುಗಳೂ ಇವೆ. ಮತ ಗೆದ್ದ ಹೊತ್ತಿಗೆ ಬಡ್ಡಿ ಏರಿತ್ತು, ಸಿಮೆಂಟು ಕಬ್ಬಿಣದ ಬೆಲೆಯೂ ಏರಿತ್ತು. ಪಟ್ಟಿಯ ಒಂದು ಕೆಲಸವನ್ನು ಮುಂದಕ್ಕೆ ಹಾಕಿದ್ದಾರೆ. ಪ್ರತಿ ನಕ್ಷೆಗೂ ರಾಜ್ಯದ ವಾಸ್ತುಶಿಲ್ಪ ವಿಭಾಗದ ಮುದ್ರೆ ಬೇಕು. 1933ರ ಲಾಂಗ್ ಬೀಚ್ ಭೂಕಂಪದಲ್ಲಿ ಶಾಲೆಗಳು ಕುಸಿದ ಮೇಲೆ ಬಂದ ನಿಯಮ ಅದು. ಅಗತ್ಯವೇ, ಆದರೆ ನಿಧಾನ. ಮೇಲ್ವಿಚಾರಣಾ ಸಮಿತಿಯಲ್ಲಿ ತೆರಿಗೆದಾರರ ಸಂಘದವರಿಗೆ ಮೀಸಲಾದ ಕುರ್ಚಿ ತುಂಬಾ ತಿಂಗಳು ಖಾಲಿ ಇತ್ತು. ಬಯ್ಯಲು ಬಂದವರು ಕೂರಲು ಬರಲಿಲ್ಲ.

ಒಬ್ಬರು ಮಾತ್ರ ಬಂದರು. ಹಿರಿಯ ನಾಗರಿಕರ ಕುರ್ಚಿಯಲ್ಲಿ ಈಗ ಆ ಬಸ್ ಓಡಿಸಿದವರೇ ಕೂತಿದ್ದಾರೆ, ಊರಿನ ಹಿರಿಯರ ಕ್ಲಬ್ಬಿನ ಪರವಾಗಿ. ಎರಡನೇ ಸಲ ಹೌದು ಅಂದಿರಾ ಅಂತ ಕೇಳಿದ್ದೆ. ಹೇಳಲಿಲ್ಲ. ವೆಲ್ಡಿಂಗ್ ಶಾಪಿಗೆ ಹೊಸ ಚಾವಣಿ ಆಯಿತು. ಕಳೆದ ಸಭೆಯಲ್ಲಿ ಅದರ ಖರ್ಚಿನ ಪಟ್ಟಿ ಬಂದಾಗ ಅವರು ಕನ್ನಡಕ ಏರಿಸಿಕೊಂಡು ಒಂದು ಸಾಲಿನ ಮೇಲೆ ಬೆರಳಿಟ್ಟರು. ಬಾಗಿಲಿನ ಚಿಲಕ ಕೀಲುಗಳಿಗೆ ಹಾಕಿದ ಮೊತ್ತ ಅಂದಾಜಿಗಿಂತ ಯಾಕೆ ಜಾಸ್ತಿ ಅಂತ ಕೇಳಿದರು. ಕಾಲೇಜಿನವರ ಹತ್ತಿರ ಉತ್ತರ ಇರಲಿಲ್ಲ, ಮುಂದಿನ ಸಭೆಗೆ ತರುತ್ತೇವೆ ಎಂದರು. ಅವರು ತಮ್ಮ ಪುಟ್ಟ ಡೈರಿಯಲ್ಲಿ ಅದನ್ನು ಬರೆದುಕೊಂಡು, ತಾರೀಕು ಹಾಕಿದರು.